ಮೇಲಿನ ದನಿಗೆ ಬಿದ್ದ ಅಕ್ಕಿಕಾಳು

ನನ್ನ ಅಕ್ಕನ ಮದುವೆಯ ಅಕ್ಕಿಕಾಳು ನನ್ನ ತಲೆಯ ಮೇಲೆ ಬಿದ್ದವು. ತಪ್ಪು ಪೂರ್ತಿ ನನ್ನದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಹೊತ್ತಿಗೆ ವೇದಿಕೆಯ ಮೇಲೆ ಇದ್ದವರು ಇಬ್ಬರೇ: ಬಾಸಿಂಗ ಕಟ್ಟಿಕೊಂಡು ಮಣೆಯ ಮೇಲೆ ಕುಳಿತ ಭಾವ, ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸ್ಪೀಕರಿನ ವೈರು ತಿರುವುತ್ತಿದ್ದ ನಾನು. ಅಕ್ಕ ಇನ್ನೂ ಒಳಕೋಣೆಯಲ್ಲಿ ಸೀರೆಯ ನೆರಿಗೆಗೆ ಪಿನ್ನು ಚುಚ್ಚಿಸಿಕೊಳ್ಳುತ್ತಿದ್ದಳು. ಮದುವೆ ಮಾಡಿಸಬೇಕಾದ ಅಯ್ಯನವರು ಬಾಯೊಳಗಿನ ಎಲೆ ಅಡಿಕೆ ಉಗುಳಲು ಹಿತ್ತಲಿಗೆ ಹೋಗಿದ್ದರು. ಅಷ್ಟರೊಳಗೆ ಮುನ್ನೂರು ಮಂದಿ ಎದ್ದು ನಿಂತು, ಮುಷ್ಟಿಯೊಳಗಿದ್ದದ್ದನ್ನೆಲ್ಲ ನಮ್ಮಿಬ್ಬರ ಮೇಲೆ ಎಸೆದು, ಊಟಕ್ಕೆ ಹೋಗಿಬಿಟ್ಟರು. ಶಾಸ್ತ್ರದ ಪ್ರಕಾರ ನೋಡಿದರೆ ಅವತ್ತು ಭಾವನನ್ನು ಮದುವೆಯಾದವನು ನಾನು. ಅಕ್ಕನದು ಆಮೇಲೆ ಆದ ಎರಡನೇ ಸಂಬಂಧ.

ಇದಕ್ಕೆಲ್ಲ ಕಾರಣ ಕರಿ ಕೋಟು ಹಾಕಿಕೊಂಡ ಒಬ್ಬ ಹೊರದೇಶದ ಗಾಯಕ. ಅವನ ಹೆಸರು ನಾನು ತಿಳಿದುಕೊಂಡಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ.

ಹಾನಗಲ್ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಮೊಬೈಲ್ ರಿಪೇರಿ ಟೇಬಲ್ ಇದೆ. ಮನೆ ಶಿಗ್ಗಾಂವಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೊಬೈಲ್ ರಿಪೇರಿ ಮಾಡುವವನಷ್ಟು ಊರಿನ ಕಿವಿಯನ್ನು ತಿಳಿದವರು ಯಾರೂ ಇಲ್ಲ. ಸ್ಪೀಕರ್ ಸರಿಯಾಯಿತೋ ಇಲ್ಲವೋ ನೋಡಲು ಪ್ರತಿಯೊಬ್ಬರೂ ತಮಗೆ ಇಷ್ಟವಾದದ್ದನ್ನೇ ಹಚ್ಚುತ್ತಾರೆ. ಎರಡು ವರ್ಷದಿಂದ ನೋಡುತ್ತಿದ್ದೇನೆ, ಭತ್ತದ ಗದ್ದೆಯಿಂದ ಕಾಲಿಗೆ ಕೆಸರು ಮೆತ್ತಿಕೊಂಡು ಬಂದವನೂ ಅದನ್ನೇ ಹಚ್ಚುತ್ತಾನೆ, ಕಾಲೇಜಿನ ಹುಡುಗಿಯೂ ಅದನ್ನೇ ಹಚ್ಚುತ್ತಾಳೆ: ಕರಿ ಕೋಟಿನವನ ಹಾಡು. ಅರ್ಥ ಒಬ್ಬರಿಗೂ ಗೊತ್ತಿಲ್ಲ. ಹಾಡು ಮುಗಿಯುವ ಹೊತ್ತಿಗೆ ಮಾತ್ರ ಎಲ್ಲರ ಕಣ್ಣೂ ಒದ್ದೆ.

ನನಗೆ ಆ ಹಾಡಿನ ಅಡುಗೆ ಬಾಯಿಪಾಠ. ಮೊದಲು ಪಿಯಾನೊ, ಟಣ್, ಟಣ್ ಎಂದು, ಬಚ್ಚಲಿನ ನಲ್ಲಿ ಸೋರಿದ ಹಾಗೆ. ಆಮೇಲೆ ಕರಿ ಕೋಟಿನವನು ಕಣ್ಣು ಮುಚ್ಚಿಕೊಂಡು ಪಕ್ಕದ ಮನೆಯವರ ಗುಟ್ಟು ಹೇಳುವವನಂತೆ ಪಿಸುಗುಡುತ್ತಾನೆ. ಹಿಂದಿನಿಂದ ನಲವತ್ತು ಪಿಟೀಲುಗಳು ಒಟ್ಟಿಗೆ ಹೊರಡುತ್ತವೆ. ಡೊಳ್ಳಿನಂಥದ್ದೊಂದು ಗುಡುಗುತ್ತದೆ. ನಂತರ ಎಲ್ಲ ಒಂದು ಕ್ಷಣ ನಿಂತುಬಿಡುತ್ತದೆ. ಮೋಸ ಇರುವುದು ಅಲ್ಲೇ. ಮೆಟ್ಟಿಲು ಇದೆ ಎಂದು ಕಾಲಿಟ್ಟಾಗ ಅದು ಇರುವುದಿಲ್ಲವಲ್ಲ, ಆಗ ಹೊಟ್ಟೆಯೊಳಗೆ ಜುಮ್ ಎನ್ನುತ್ತದಲ್ಲ, ಹಾಗೆ. ಆ ಜುಮ್ಮಿನ ಮೇಲೆ ಅವನು ಕೈ ಎರಡೂ ಅಗಲಿಸಿ ಮೇಲಿನ ದನಿಯಲ್ಲಿ ಒದರುತ್ತಾನೆ. ತಕ್ಷಣ ಕ್ಯಾಮೆರಾ ಕುರ್ಚಿಗಳ ಕಡೆ ತಿರುಗಿ, ಕಣ್ಣೊರೆಸಿಕೊಳ್ಳುವ ಒಬ್ಬ ಹೆಂಗಸನ್ನು ತೋರಿಸುತ್ತದೆ. ಅವಳು ಅತ್ತಳು, ಆದ್ದರಿಂದ ನಾವೂ ಅಳಬೇಕು. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನ ಉತ್ತರ ನೋಡಿ ಬರೆದ ಹಾಗೆ.

ಇಷ್ಟು ತಿಳಿದಿದ್ದ ನನಗೆ ದೇವರು ಅದೇ ಹಾಡಿಗೆ ಮನಸೋತ ಭಾವನನ್ನು ಕೊಟ್ಟ.

ಭಾವನದು ಹಿರೇಕೆರೂರಿನಲ್ಲಿ ಬೀಜದ ಅಂಗಡಿ. ಎತ್ತಿನಂಥ ಮೈ, ಆಕಳ ಕರುವಿನಂಥ ಕಣ್ಣು. ನಿಶ್ಚಯವಾದ ಮೇಲೆ ಒಂದು ಸಂಜೆ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಮಾಸೂರಿನ ಮದಗದ ಕೆರೆಯ ಏರಿಗೆ ಕರೆದುಕೊಂಡು ಹೋದ. ಅಕ್ಕನ ಸ್ವಭಾವ ಕೇಳುತ್ತಾನೆ ಎಂದುಕೊಂಡಿದ್ದೆ, ಎಚ್ಚರಿಕೆ ಕೊಡಲು ತಯಾರಾಗಿಯೂ ಹೋಗಿದ್ದೆ. ಅವನು ಫೋನು ತೆಗೆದು ಕರಿ ಕೋಟಿನವನನ್ನು ಹಚ್ಚಿ ಕಣ್ಣು ಮುಚ್ಚಿದ. ಹಾಡು ಮುಗಿದಾಗ ಮೂಗು ಎಳೆದುಕೊಂಡ.

“ತಿಳೀತೇನು?”

“ಏನ್ರೀ?”

“ಹಾಡು.”

“ಅದು ಯಾವ ಭಾಷಾರಿ?”

“ಯಾರಿಗೊತ್ತು. ತಿಳಕೊಂಡ್ರ ರುಚಿ ಹೋಗ್ತೈತಿ ಅಂತ ನಾ ಯಾರನ್ನೂ ಕೇಳಿಲ್ಲ.”

“ಮತ್ತ ಅಳೂದ್ಯಾಕ್ರಿ?”

“ಹಂಗ ಎದಿ ಭಾರ ಆಗ್ತೈತೋ.”

“ಬರೂಮುಂದ ಮಿರ್ಚಿ ಎಷ್ಟು ತಿಂದ್ರಿ?”

“ಎಂಟು,” ಎಂದ ಭಾವ, ಪ್ರಾಮಾಣಿಕವಾಗಿ.

ಎಂಟು ಮಿರ್ಚಿ ಭಜಿ ತಿಂದವನ ಎದೆ ಭಾರವಾಗಲು ಹೊರದೇಶದ ಗಾಯಕ ಬೇಕಾಗಿಲ್ಲ. ಇದನ್ನು ನಾನು ಮನೆಯಲ್ಲಿ, ಓಣಿಯಲ್ಲಿ, ಹಾನಗಲ್ಲಿನ ಬಸ್ಸಿನಲ್ಲಿ, ಒಟ್ಟು ಹದಿನಾಲ್ಕು ಸಲ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅಕ್ಕ ಒಬ್ಬಳು ನಗಲಿಲ್ಲ.

ಆಮೇಲೆ ಸವಣೂರಿನಲ್ಲಿ ನನಗೇ ಆಗಬಾರದ್ದು ಆಯಿತು. ಮದುವೆಗೆ ವೀಳ್ಯದೆಲೆ ಹೇಳಲು ಹೋದವನು, ಎಲೆ ತೋಟದವರು ಬರುವುದು ತಡ ಎಂದು ಪಕ್ಕದ ಕ್ಷೌರದಂಗಡಿಯಲ್ಲಿ ಕುಳಿತೆ. ನನ್ನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ ಕ್ಷೌರಿಕ ತನ್ನ ಫೋನು ಕನ್ನಡಿಗೆ ಒರಗಿಸಿ ಹಾಡು ಹಚ್ಚಿದ. ಟಣ್, ಟಣ್. ಕೈ ಬಟ್ಟೆಯೊಳಗೆ ಸಿಕ್ಕಿಬಿದ್ದಿತ್ತು, ಓಡುವಂತಿರಲಿಲ್ಲ. ಪಿಸುಮಾತು, ಪಿಟೀಲು, ಡೊಳ್ಳು, ಆ ನಿಲುಗಡೆ. ಮುಂದೆ ಏನು ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ, ಅವನು ಒದರಿದ ಕೂಡಲೇ, ನನ್ನ ಎಡಗಣ್ಣಿನಿಂದ ಒಂದು ಹನಿ ಇಳಿದು ಕಿವಿಯೊಳಗೆ ಹೋಯಿತು.

ಕ್ಷೌರಿಕ ಕನ್ನಡಿಯಲ್ಲಿ ನೋಡಿದ. “ಯಾಕ್ರೀ, ಏನಾತ್ರಿ?”

“ಏನಿಲ್ರಿ, ಸಾಬಾಣ ಕಣ್ಣಾಗ ಹೋತು.”

“ಸಾಬಾಣ ಇನ್ನಾ ಹಚ್ಚೇ ಇಲ್ಲಲ್ರಿ.”

ಸರದಿಗಾಗಿ ಕುಳಿತಿದ್ದ ನಾಲ್ವರೂ ನಕ್ಕರು. ಅವತ್ತೇ ಆ ಹಾಡಿನ ಮೇಲೆ ಸೇಡು ತೀರಿಸಿಕೊಳ್ಳುವುದೆಂದು ನಿರ್ಧರಿಸಿದೆ. ಬಲಗಡೆಯ ಮೀಸೆ ಎಡಗಡೆಯದಕ್ಕಿಂತ ಸಣ್ಣದಾಗಿ ಹೋದದ್ದಕ್ಕೂ ಆ ಹಾಡೇ ಹೊಣೆ.

ಈಗ ಅಜ್ಜಿಯ ವಿಷಯ ಹೇಳಬೇಕು. ಅಕ್ಕನಿಗೆ ಈ ಮದುವೆಯಲ್ಲಿ ಬೇಕಾಗಿದ್ದದ್ದು ಅದೊಂದೇ.

ಅಜ್ಜಿ ಎಂದರೆ ಅವ್ವನ ಸೋದರತ್ತೆ, ಚಿಕ್ಕೇರೂರಿನವಳು. ನಮ್ಮ ಮನೆತನದ ಹೆಣ್ಣುಮಕ್ಕಳ ಮದುವೆಯಲ್ಲಿ ಮದುಮಗಳು ಮಣೆ ಏರುವಾಗ ಸೋಬಾನೆ ಹೇಳುವುದು ಅವಳೇ. ಹಾಡು ಎಲ್ಲರಿಗೂ ಒಂದೇ. ಆದರೆ ನಡುವೆ ಒಂದು ಸೊಲ್ಲು, ಒಂದೇ ಒಂದು ಸಾಲು, ಆ ಹುಡುಗಿಗಾಗಿ ಅಜ್ಜಿ ತಾನೇ ಕಟ್ಟಿದ್ದು. ಅವ್ವನ ಸೊಲ್ಲಿನಲ್ಲಿ ಹಾಲು ಉಕ್ಕಿಸಿ ಬೆಕ್ಕಿನ ಮೇಲೆ ಹಾಕಿದ ಕಥೆ ಇದೆ. ಅವ್ವ ಇವತ್ತಿಗೂ ರೊಟ್ಟಿ ಬಡಿಯುವಾಗ ಅದನ್ನು ಗುನುಗುತ್ತಾಳೆ. ಚಿಕ್ಕವ್ವನದರಲ್ಲಿ ಅವಳು ಹಲ್ಲಿಗೆ ಹೆದರಿ ಜೋಳದ ಕಣಜ ಏರಿ ಕುಳಿತದ್ದಿದೆ. ಸೊಲ್ಲನ್ನು ಅಜ್ಜಿ ಮೊದಲೇ ಹೇಳುವುದಿಲ್ಲ, ಎರಡನೇ ಸಲವೂ ಹೇಳುವುದಿಲ್ಲ. ಅಕ್ಕ ಎಂಟು ವರ್ಷದವಳಿದ್ದಾಗಿನಿಂದ ಕೇಳುತ್ತಿದ್ದಳು, “ಅಜ್ಜಿ, ನನ್ನ ಸೊಲ್ಲು ಯಾವುದು?” ಅಜ್ಜಿಯದು ಒಂದೇ ಉತ್ತರ: “ಬಾಸಿಂಗ ಕಟ್ಟಿಸ್ಕೊಂಡು ಬಾ, ಹೇಳ್ತೇನಿ.”

ಹೋದ ವರ್ಷ ಚಿಕ್ಕವ್ವನ ಮಗಳ ಮದುವೆಯಲ್ಲಿ ಅಜ್ಜಿ ಹಾಡಿದಳು. ಅವಳ ದನಿ ಈಗ ಸವೆದ ನೂಲಿನಷ್ಟು ಸಣ್ಣಗಾಗಿದೆ. ಹೊರಗೆ ಗಂಡಿನ ಕಡೆಯವರ ಡಿಜೆ ಹೊಡೆಯುತ್ತಿತ್ತು. ಬಾಯಿ ಆಡಿದ್ದು ಕಂಡಿತು, ಮಾತು ಯಾರಿಗೂ ಕೇಳಲಿಲ್ಲ. ಆ ಹುಡುಗಿ ಮಾರನೇ ದಿನ ಕಾಲು ಹಿಡಿದು ಕೇಳಿದರೂ ಅಜ್ಜಿ, “ಒಮ್ಮೆ ಸುರುವಿದ ಹಾಲು ಮತ್ತ ತುಂಬಾಕ ಬರ್ತೈತೇನ?” ಎಂದು ಬಿಟ್ಟಳು. ಆ ಹುಡುಗಿಗೆ ತನ್ನ ಸೊಲ್ಲು ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಅಕ್ಕ ಮದುವೆಯ ಹಿಂದಿನ ದಿನ ನನ್ನ ಕಿವಿ ಹಿಡಿದಳು.

“ಮೈಕು ನಿನ್ನ ಕೈಯಾಗ ಐತಿ. ನನಗ ಮತ್ತೇನೂ ಬ್ಯಾಡ. ಅಜ್ಜಿ ಸೊಲ್ಲು ನನ್ನ ಕಿವಿಗೆ ಬೀಳಬೇಕು.”

“ಬೀಳ್ತೈತಿ ತಗೋ. ನಾ ಇದ್ದೇನಲ್ಲ.”

“ನೀ ಇದ್ದಿ ಅಂತನ ನನಗ ಅಂಜಿಕಿ.”

ಮದುವೆ ಶಿಗ್ಗಾಂವಿಯಲ್ಲೇ, ಹೆದ್ದಾರಿಯ ಬದಿಯ ಕಲ್ಯಾಣ ಮಂಟಪದಲ್ಲಿ. ಧ್ವನಿವರ್ಧಕದ ಜವಾಬ್ದಾರಿ ನನ್ನದು ಎಂದು ನಾನೇ ಘೋಷಿಸಿಕೊಂಡಿದ್ದೆ. ಮೊಬೈಲಿನ ಸ್ಪೀಕರ್ ಹನ್ನೆರಡು ಮಿಲಿಮೀಟರ್ ಇರುತ್ತದೆ, ಮಂಟಪದ್ದು ನನ್ನಷ್ಟು ಎತ್ತರವಿತ್ತು. ವ್ಯತ್ಯಾಸ ಅಳತೆಯದಷ್ಟೇ ಎಂದುಕೊಂಡಿದ್ದೆ.

ಮುಂಜಾನೆ ಭಾವ ನನ್ನನ್ನು ಮೂಲೆಗೆ ಕರೆದ. ಬಾಸಿಂಗದ ಮುತ್ತುಗಳ ನಡುವಿನಿಂದ ಕರುವಿನ ಕಣ್ಣು ಹೊಳೆಯುತ್ತಿದ್ದವು.

“ಲೇ ತಮ್ಮಾ, ನಾ ಮಣಿ ಮ್ಯಾಲೆ ಕುಂಡ್ರೂಮುಂದ ಆ ಹಾಡು ಹಚ್ಚತೀಯೇನು? ಸಣ್ಣಗ. ಯಾರಿಗೂ ತ್ರಾಸಾಗದಂಗ.”

“ಹಚ್ತೇನ್ರಿ ಭಾವಾ,” ಎಂದೆ. ಸೇಡಿನ ಅವಕಾಶ ತಾನಾಗಿ ನಡೆದು ಬಂದಿತ್ತು.

ನನ್ನ ಉಪಾಯ ಇದು. ಪಿಯಾನೊ, ಪಿಸುಮಾತು, ಪಿಟೀಲು ಎಲ್ಲ ಕತ್ತರಿಸಿ ಒಗೆಯುವುದು. ಏರುವ ಡೊಳ್ಳನ್ನೂ, ಆ ನಿಲುಗಡೆಯನ್ನೂ, ಅದರ ಮೇಲಿನ ಒದರಾಟವನ್ನೂ ಮಾತ್ರ ಇಟ್ಟುಕೊಂಡು ಪೂರ್ತಿ ದನಿಗೆ ಬಿಡುವುದು. ಮಸಾಲೆ ಇಲ್ಲದೆ ಬರೀ ಒದರಾಟ ಕೇಳಿದರೆ ಮುನ್ನೂರು ಮಂದಿ ಬಿದ್ದು ಬಿದ್ದು ನಗುತ್ತಾರೆ, ಭಾವನ ರೋಗ ವಾಸಿಯಾಗುತ್ತದೆ, ನಾನು ಎಡಗಣ್ಣಿನ ಹನಿಯ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತೇನೆ. ಸವಣೂರಿನಿಂದ ಬಂದ ಮೇಲೆ ಹಾಡನ್ನು ಕತ್ತರಿಸಲು ಎರಡು ಸಂಜೆ ಕುಳಿತಿದ್ದೆ. ಪದವಿ ಪರೀಕ್ಷೆಗೆ ಅಷ್ಟು ಕುಳಿತಿದ್ದರೆ ಇವತ್ತು ಮೊಬೈಲ್ ರಿಪೇರಿ ಮಾಡುತ್ತಿರಲಿಲ್ಲ.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆ ಮದುವೆಗೆ ಬಂದವರು ವೇದಿಕೆ ನೋಡುವುದಿಲ್ಲ. ನೋಡಲು ಆಗುವುದೂ ಇಲ್ಲ. ಮುಂದೆ ಫೋಟೊದವರ ಬೆನ್ನು, ವಿಡಿಯೊದವರ ಛತ್ರಿ, ಸೋದರಮಾವಂದಿರ ರುಮಾಲು. ಅಕ್ಕಿಕಾಳು ಹಾಕಬೇಕಾದದ್ದು ಯಾವಾಗ ಎಂದು ಜನ ಕಿವಿಯಿಂದಲೇ ತಿಳಿಯುತ್ತಾರೆ. ಅಯ್ಯನವರ ದನಿ ಏರಿ, ಒಂದು ಕ್ಷಣ ನಿಂತು, ಬಾಜಾ ಒಮ್ಮೆಲೇ ಹೊಡೆದರೆ ಕೈ ತಾನಾಗಿ ಎಸೆಯುತ್ತದೆ. ಅಷ್ಟಾದರೆ ಮದುವೆ ಮುಗಿಯಿತು. ಮೊದಲ ಪಂಕ್ತಿಗೆ ಕಾಲು ತಾನಾಗಿ ಓಡುತ್ತದೆ. ತೊಟ್ಟಿಲಿನಿಂದ ಕಲಿತ ವಿದ್ಯೆ ಇದು. ಏರುವುದು, ನಿಲ್ಲುವುದು, ಒದರುವುದು. ಕರಿ ಕೋಟಿನವನದೂ ಅದೇ ಲೆಕ್ಕ.

ಅಕ್ಕಿಕಾಳು ಆಗಲೇ ಹಂಚಿಯಾಗಿತ್ತು. ಭಾವ ಮಣೆಯ ಮೇಲೆ ಕುಳಿತ. ಒಂದು ವೈರು ಸಡಿಲಾಗಿದೆ ಎಂದು ನಾನು ವೇದಿಕೆ ಏರಿ ಅವನ ಪಕ್ಕ ಕುಕ್ಕರಿಸಿದೆ, ಒಂದು ಕೈಯಲ್ಲಿ ವೈರು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಫೋನು ಒತ್ತಿದೆ.

ಮಂಟಪ ನಡುಗಿತು. ತೋರಣದ ಮಾವಿನ ಎಲೆಗಳು ಅಲುಗಾಡಿದ್ದು ನಾನೇ ಕಣ್ಣಾರೆ ಕಂಡೆ. ಯಾರೂ ನಗಲಿಲ್ಲ. ಮುನ್ನೂರು ಮಂದಿ ಒಂದೇ ಸಲಕ್ಕೆ ಎದ್ದು ನಿಂತ ಸದ್ದು ಕೇಳಿಸಿತು. ತಲೆ ಎತ್ತಿದೆ. ಹಳದಿ ಮೋಡವೊಂದು ನನ್ನ ಕಡೆ ಬರುತ್ತಿತ್ತು.

ಕಣ್ಣು, ಕಿವಿ, ಅಂಗಿಯ ಕಾಲರು, ಎಲ್ಲ ಕಡೆ ಅಕ್ಕಿ. ಭಾವ ಅಲುಗದೆ ಕುಳಿತಿದ್ದ. ಕೆನ್ನೆಯ ಮೇಲೆ ಎರಡು ಧಾರೆ ಇಳಿದಿದ್ದವು, ಅವುಗಳ ಮೇಲೆ ಅಕ್ಕಿಕಾಳು ಅಂಟಿದ್ದವು. “ಸಣ್ಣಗ ಅಂದಿದ್ನಲ್ಲೋ,” ಎಂದ. ಅಷ್ಟರಲ್ಲಿ ಆಂಪ್ಲಿಫೈಯರ್ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಪ್ರಾಣ ಬಿಟ್ಟಿತು. ಮೈಕೂ ಅದರ ಜೊತೆಯೇ ಹೋಯಿತು.

ಅಯ್ಯನವರು ಹಿತ್ತಲಿನಿಂದ ಓಡಿ ಬಂದರು. ಖಾಲಿ ಕುರ್ಚಿಗಳನ್ನು ನೋಡಿದರು, ನನ್ನ ತಲೆ ನೋಡಿದರು. “ಏನಲೇ ಇದು? ನಾ ಇಲ್ದ ಯಾರು ಮದಿವಿ ಮಾಡಿದ್ರು?”

“ಇನ್ನಾ ಆಗಿಲ್ರಿ ಅಜ್ಜಾರ.”

“ಮುಹೂರ್ತಕ್ಕ ಹದಿನೈದು ನಿಮಿಷ ಐತಿ. ಅಕ್ಕಿಕಾಳು ತಾ, ಮಂದೀನ್ನ ಕರ್ಕೊಂಡು ಬಾ. ಓಡು!”

ಓಡಿದೆ. ಊಟದ ಮನೆಯಲ್ಲಿ ಮೊದಲ ಪಂಕ್ತಿ ಆಗಲೇ ಕುಳಿತಿತ್ತು; ಎಲೆಗೆ ಉಪ್ಪು, ಉಪ್ಪಿನಕಾಯಿ, ಬದನೆಕಾಯಿ ಪಲ್ಯ ಬಿದ್ದಾಗಿತ್ತು. ಎಲೆಯ ಮುಂದೆ ಕುಳಿತ ಮನುಷ್ಯನನ್ನು ಎಬ್ಬಿಸುವುದಕ್ಕಿಂತ ಹೂತ ಕಲ್ಲು ಎಬ್ಬಿಸುವುದು ಹಗುರ. ಅಪ್ಪನ ಗೆಳೆಯರೊಬ್ಬರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನ್ ಹಾಡು ಹಚ್ಚಿದ್ಯೋ ತಮ್ಮಾ! ಕರಳು ಚುರ್ ಅಂತು ನೋಡು.”

“ಕಾಕಾ, ಏಳ್ರಿ. ಮದಿವಿ ಇನ್ನಾ ಆಗಿಲ್ಲ.”

“ಆಗಿಲ್ಲ? ಮತ್ತ ನಾ ಅತ್ತಿದ್ದ್ಯಾಕ?”

“ಅದು ನನಗೇನು ಗೊತ್ತರಿ? ಅಕ್ಕಿಕಾಳು ಯಾರ ಮ್ಯಾಲೆ ಒಗದ್ರಿ?”

“ಯಾರು ನೋಡ್ಯಾರ! ದನಿ ಏರ್ತು, ಒಗದೆ.” ಆಮೇಲೆ ಎಲೆಯ ಕಡೆ ನೋಡಿದರು. “ಹೋಳಿಗಿ ಬಂತು. ಇದೊಂದು ತಿಂದು ಬರ್ತೇನಿ, ನೀ ನಡಿ.”

ಅವರಿಗೆ ಹಾಡಿನ ಒಂದು ಶಬ್ದವೂ ತಿಳಿದಿರಲಿಲ್ಲ. ಯಾರಿಗಾಗಿ ಅತ್ತೆವು ಎಂಬುದು ತಿಳಿದಿರಲಿಲ್ಲ. ಮದುಮಗಳೇ ಇರಲಿಲ್ಲ ಎಂಬುದೂ ತಿಳಿದಿರಲಿಲ್ಲ. ಕಣ್ಣೀರು ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು, ಹೋಳಿಗೆ ಬರುವುದರೊಳಗೆ ಒಣಗಿಯೂ ಇತ್ತು. ಇದಕ್ಕೆ ಹೃದಯ ಕರಗುವುದು ಎನ್ನುತ್ತಾರೆ. ಈರುಳ್ಳಿ ಇದೇ ಕೆಲಸವನ್ನು ನಲವತ್ತು ಪಿಟೀಲಿಲ್ಲದೆ ಮಾಡುತ್ತದೆ, ಪಲ್ಯಕ್ಕೂ ಬರುತ್ತದೆ.

ಅಡುಗೆಯವರ ಹತ್ತಿರ ಹೋದೆ. ಅಕ್ಕಿ ಎಲ್ಲ ಹಂಡೆಯಲ್ಲಿ ಕುದಿಯುತ್ತಿತ್ತು. ಚೀಲ ಕೊಡವಿ ಕೊಡವಿ ಒಂದು ಪರಾತದಷ್ಟು ಸಿಕ್ಕಿತು. ಅರಿಶಿನದ ಡಬ್ಬಿ ಹುಡುಕುವಷ್ಟರಲ್ಲಿ ಐದು ನಿಮಿಷ ಹೋಯಿತು. ಅವಸರಕ್ಕೆ ನೀರು ಹೆಚ್ಚು ಬಿದ್ದು ಅಕ್ಕಿ ಚಿತ್ರಾನ್ನದಂತಾಯಿತು. ಮೊಣಕೈತನಕ ಹಳದಿ ಬಳಿದುಕೊಂಡು ಕಲಸುತ್ತಿದ್ದಾಗ ಮಂಟಪದ ಕಡೆಯಿಂದ ಏನೋ ಕೇಳಿಸಿದ ಹಾಗಾಯಿತು. ಸಣ್ಣ ಎಳೆ. ಹಂಡೆ ಕುದಿಯುವ ಸದ್ದಿನಲ್ಲಿ ಅದು ಬಂದು ಬಂದು ಹರಿದು ಹೋಗುತ್ತಿತ್ತು. ಪರಾತ ಎತ್ತಿಕೊಂಡು ಓಡಿದೆ.

ಬಾಗಿಲಿಗೆ ಬರುವಾಗ ಅಜ್ಜಿ ಬಾಯಿ ಮುಚ್ಚುತ್ತಿದ್ದಳು.

ಮಂಟಪದಲ್ಲಿ ಉಳಿದಿದ್ದವರು ಮೂವತ್ತು ಜನ ಇರಬಹುದು. ಊಟಕ್ಕೆ ಓಡಲಾಗದ ಮುದುಕಿಯರು, ಅವ್ವ, ಚಿಕ್ಕವ್ವ, ಅಯ್ಯನವರು, ಭಾವ. ಡಿಜೆ ಇಲ್ಲ, ಮೈಕಿಲ್ಲ, ಮಾತಿಲ್ಲ. ಮೇಲಿನ ಫ್ಯಾನು ತಿರುಗುವುದು ಕೂಡ ಕೇಳುತ್ತಿತ್ತು. ಅಕ್ಕ ಮಣೆಯ ಮುಂದೆ ಅಜ್ಜಿಯ ಕೈ ಹಿಡಿದುಕೊಂಡು ನಿಂತಿದ್ದಳು. ಕಾಡಿಗೆ ಗದ್ದದವರೆಗೆ ಇಳಿದಿತ್ತು, ಆದರೆ ಅವಳು ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ಅವ್ವನೂ ನಗುತ್ತಿದ್ದಳು.

“ಆತಾ?” ಎಂದೆ ಏದುಸಿರಿನಲ್ಲಿ.

“ಆತು,” ಎಂದಳು ಅಕ್ಕ.

“ಏನಿತ್ತ ಸೊಲ್ಲಿನ್ಯಾಗ?”

“ನಿನಗ್ಯಾಕ? ಅಕ್ಕಿ ಹಂಚು, ನಡಿ.”

ಹಂಚಿದೆ. ಅಯ್ಯನವರು ಮಂಗಲಾಷ್ಟಕ ಹೇಳಿದರು. ಹೋಳಿಗೆ ಮುಗಿಸಿ ಮರಳಿ ಬಂದವರು ಬಲಗೈ ಎಂಜಲಾಗಿದೆ ಎಂದು ಎಡಗೈಯಿಂದ ಎಸೆದರು. ಒದ್ದೆ ಅಕ್ಕಿ ಎಸೆದಲ್ಲೇ ಅಂಟಿತು. ಮದುವೆಯ ಫೋಟೊಗಳಲ್ಲಿ ಅಕ್ಕನಿಗೂ ಭಾವನಿಗೂ ಹಳದಿ ಅಮ್ಮ ಎದ್ದ ಹಾಗಿದೆ. ಹಿಂದಿನ ಸಾಲಿನಲ್ಲಿದ್ದವರೊಬ್ಬರು, “ಈ ಸಲ ಆ ಹಾಡು ಹಚ್ಚಲಿಲ್ಲ, ಸಪ್ಪ ಆತು,” ಎಂದು ನನ್ನ ಬೆನ್ನ ಹಿಂದೆಯೇ ಹೇಳಿದರು.

ಮಧ್ಯಾಹ್ನ ಅಜ್ಜಿ ಚಿಕ್ಕೇರೂರಿಗೆ ಹೋಗುವ ಗಾಡಿಗಾಗಿ ಮಂಟಪದ ಕಟ್ಟೆಯ ಮೇಲೆ ಕುಳಿತು ಸವಣೂರಿನ ಎಲೆಗೆ ಸುಣ್ಣ ಸವರುತ್ತಿದ್ದಳು. ನಾನು ಪಕ್ಕ ಹೋಗಿ ಕುಳಿತೆ. ಮೊದಲು ಬೆಣ್ಣೆ ಹಚ್ಚಿದೆ. ಮುನ್ನೂರು ಮಂದಿ ತಲೆಯಿಲ್ಲದವರು ಎಂದೆ, ತಿಳಿಯದ ಹಾಡಿಗೆ ಅಳುವವರು, ತಿಳಿಯುವ ಹಾಡು ಬಂದಾಗ ಹೋಳಿಗೆಗೆ ಓಡುವವರು ಎಂದೆ. ಕರಿ ಕೋಟಿನವನನ್ನು ಅವಳ ಮುಂದೆಯೂ ಅಭಿನಯಿಸಿ ತೋರಿಸಿದೆ, ಕೈ ಅಗಲಿಸಿ, ಕಣ್ಣು ಮುಚ್ಚಿ. ಅಜ್ಜಿ ನಗಲಿಲ್ಲ. ಕೊನೆಗೆ ಕೇಳಿದೆ:

“ಅಜ್ಜಿ, ನನಗೊಬ್ಬಂವಗ ಹೇಳಬೇ. ಅಕ್ಕನ ಸೊಲ್ಲು ಏನಿತ್ತು?”

ಅಜ್ಜಿ ಎಲೆ ಮಡಚಿ ದವಡೆಗೆ ಇಟ್ಟುಕೊಂಡಳು.

“ಅದಿರ್ಲಿ. ಆ ಒದರಾಂವ ಯಾರ ಪೈಕಿ?”

“ಅಂವ ಯಾರ ಪೈಕೀನೂ ಅಲ್ಲಬೇ. ಹೊರದೇಶದಾಂವ. ಫೋನಿನ್ಯಾಗ ಇರ್ತಾನ.”

“ಎಲ್ಲಿಯಾಂವರ ಆಗ್ಲಿ. ನಾ ಒಳಗ ಕುಂತು ಕೇಳಿದ್ನಿ, ಮೈಯಾಗಿನ ಉಸಿರೆಲ್ಲಾ ಹಾಕಿ ಒದರಿದ ಪಾಪ. ಅಷ್ಟು ಮಂದಿ ಇದ್ರಿ. ಕೇಳಿದ್ರಿ, ಅತ್ರಿ, ಒಗದ್ರಿ, ಉಣ್ಣಾಕ ಹೋದ್ರಿ. ಅವಂಗ ಒಂದು ತಂಬಿಗಿ ನೀರು ಬೇಕೇನಪಾ ಅಂತ ಒಬ್ಬರರ ಕೇಳಿದ್ರೇನು? ನಾ ಹಾಡೂಮುಂದ ನಿಮ್ಮಕ್ಕ ನನ್ನ ಕೈ ಬಿಡಲಿಲ್ಲ. ನೀ ಎಲ್ಲಿ ಹೋಗಿದ್ದಿ?”